ಎದಿ ಎಂಬ ಎರಡಕ್ಷರ

ನನ್ನ ತಾಯಿಯ ಎದೆನೋವಿಗೆ ಹೊಟ್ಟೆಯ ಔಷಧ ಸಿಕ್ಕಿತು. ನಾಲ್ಕು ದಿನ ಅವಳು ಅದನ್ನು ತಪ್ಪದೆ ಕುಡಿದಳು. ಐದನೆಯ ದಿನ, ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ, ಒಲೆಯ ಮುಂದೆ ಕುಳಿತವಳು ಮೇಲೇಳಲಾರದೆ ಗೋಡೆಗೆ ಒರಗಿದಳು. ಹಣೆಯಲ್ಲಿ ತಣ್ಣನೆಯ ಬೆವರು. ಎಡಗೈ ಸೋತು ಮಡಿಲಲ್ಲಿ ಬಿದ್ದಿತ್ತು. ಆ ದಿನದ ಸಂಗತಿಯನ್ನು ನಮ್ಮ ಸೀಮೆಯ ದೈವ ಸಂಗಮನಾಥನ ಭಕ್ತರ ಮುಂದೆ ಉತ್ಪ್ರೇಕ್ಷೆಯಿಲ್ಲದೆ ನಿವೇದಿಸುವುದು ನನ್ನ ಕರ್ತವ್ಯ. ಅದರಲ್ಲಿ ಅವನ ಕೃಪೆ ಎಷ್ಟಿದೆಯೋ ನನ್ನ ತಪ್ಪೂ ಅಷ್ಟೇ ಇದೆ.

ರಾಜ್ಯಗಳ ಮರುವಿಂಗಡಣೆಯಲ್ಲಿ ಕನ್ನಡ ಆಡುವ ನಮ್ಮ ಗಡಿಸೀಮೆ ಆಂಧ್ರಕ್ಕೆ ಸೇರಿ ಹದಿನೈದು ವರ್ಷಗಳಾಗಿದ್ದವು. ನಮ್ಮ ಊರು ಮನೂರಿನ ಆಚೆ, ಜೋಳ ತೊಗರಿಯ ಹೊಲಗಳ ನಡುವೆ. ಅಲ್ಲಿಗೆ ಆರೋಗ್ಯ ಕೇಂದ್ರದ ಕಟ್ಟಡ ಬಂದಿತ್ತು, ವೈದ್ಯರು ಬಂದಿರಲಿಲ್ಲ. ಗಾಯದ ಪಟ್ಟಿಯಿಂದ ಜ್ವರದ ಗುಳಿಗೆಯವರೆಗೆ ಎಲ್ಲವೂ ಕಂಪೌಂಡರ್ ನರಸಪ್ಪನ ಕೈಯಲ್ಲಿತ್ತು. ಹೈದರಾಬಾದಿನ ಕಾಲೇಜಿನ ಚರ್ಚಾಕೂಟಗಳಲ್ಲಿ ಮಾತು ಕಲಿತು, ಊರ ಶಾಲೆಯ ಮಾಸ್ತರನಾಗಿ ಮರಳಿದ್ದ ನಾನು ಎರಡು ವರ್ಷ ಅರ್ಜಿ ಬರೆದೆ. ಅಲ್ಲಿಯ ಮಾತು ಬೇರೆ, ಹೋದವರು ನಿಲ್ಲುವುದಿಲ್ಲ ಎಂದು ಉತ್ತರ ಬಂತು. ನಾನು ಖಂಡಿಸಿದೆ: ನಮ್ಮವರೆಲ್ಲರಿಗೂ ತೆಲುಗು ಬರುತ್ತದೆ. ಸಂತೆಯಲ್ಲಿ, ಬಸ್ಸಿನಲ್ಲಿ ಮೂರು ಭಾಷೆ ಆಡುವ ಗಂಡಸರನ್ನು ಮಾತ್ರ ನೋಡಿ ಕಟ್ಟಿದ ವಾದ ಅದು. ವಾದ ಗೆದ್ದಿತು. ಆಂಧ್ರದ ಕರಾವಳಿಯ ಕಡೆಯ ತರುಣ ವೈದ್ಯರೊಬ್ಬರು ಬಂದರು. ಸ್ವಾಗತ ಸಭೆಯಲ್ಲಿ ನಾನು ಅರ್ಧ ಗಂಟೆ ಶುದ್ಧ ತೆಲುಗಿನಲ್ಲಿ ಮಾತನಾಡಿದೆ. ಹೆಂಗಸರು ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದರು. ಅವರಿಗೆ ಎಷ್ಟು ತಿಳಿಯಿತೆಂದು ಕೇಳಲಿಲ್ಲ.

ತಾಯಿ ಒಬ್ಬಳೇ ವೈದ್ಯರ ಬಳಿ ಹೋಗಿ ತಂದಿದ್ದ ಔಷಧ ಹೊಟ್ಟೆಯದೆಂದು ನನಗೆ ತಿಳಿದದ್ದು ಆ ಸೋಮವಾರ, ಬಾಟಲಿಯ ಚೀಟಿ ಓದಿದಾಗ.

"ಅವರ ಮುಂದ ಏನಂತ ಹೇಳಿದಿ ಯವ್ವಾ?"

"ಎದಿ ಅಂದೀನಪ್ಪ. ಬಾಟ್ಲಿ ತೋರ್ಸಿದ್ರು. ಹೂಂ ಅಂದೆ."

ಅಧಿಕಾರಿ ಏನು ಕೇಳಿದರೂ ಹೂಂ ಎನ್ನುವುದು ನಮ್ಮ ಹೆಂಗಸರ ಮರ್ಯಾದೆ. ಪರಗಂಡಸಿನೆದುರು ಎದೆ ಮುಟ್ಟಿ ತೋರಿಸುವುದು ಮರ್ಯಾದೆಯಲ್ಲ.

ನಾನು ಕೇಂದ್ರಕ್ಕೆ ಓಡಿದೆ. ವೈದ್ಯರ ಕೋಣೆಗೆ ಬೀಗ. ನರಸಪ್ಪ ಕಟ್ಟೆಯ ಮೇಲೆ ಕುಳಿತಿದ್ದ.

"ಡಾಕ್ಟರ್ ಸಾಬ ಮುಂಜಾನಿ ಬಸ್ಸಿಗೇ ಹೋಗ್ಯಾರ್ರಿ ಮಾಸ್ತರ. ಟ್ರಂಕ್ ಸಮೇತ. ಇಲ್ಲೀ ಮಂದಿ ಕೇಳಿದ್ದಕ್ಕ ಜವಾಬ್ ಹೇಳಂಗಿಲ್ಲ, ತಿರುಗಿ ನನಗೇ ಸವಾಲ್ ಕೇಳ್ತಾರ, ನನ್ನ ಕೈಲಿ ಆಗಂಗಿಲ್ಲ ಅಂದ್ರು."

ತಾಯಿಯನ್ನು ಬಂಡಿಯಲ್ಲಿ ಮಲಗಿಸಿಕೊಂಡು ಬಸ್ಸಿನ ರಸ್ತೆಗೆ ಹೊರಟೆ. ದೇವರೊಡನೆ ಚೌಕಾಸಿ ಮಾಡಬಾರದೆಂಬುದು ನನ್ನ ನಿಲುವು. ಎಂದೂ ಹರಕೆ ಹೊತ್ತವನಲ್ಲ. ಆದರೆ ಅವಳ ಉಸಿರು ನನ್ನ ತೊಡೆಯ ಮೇಲೆ ತಡೆತಡೆದು ಬರುತ್ತಿತ್ತು. "ಒಬ್ಬ ವೈದ್ಯ ಬೇಕು ಸಂಗಮನಾಥಾ" ಎಂದೆ. ಮುಂದಿನ ಮಾತು ಹೊಳೆಯಲಿಲ್ಲ. ಮಾತು ಹೊಳೆಯದೆ ಹೋದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ನಾರಾಯಣಖೇಡದಿಂದ ಜಹೀರಾಬಾದಿಗೆ ಹೋಗುವ ಬಸ್ಸು ರಸ್ತೆಯಲ್ಲೇ ನಿಂತಿತ್ತು. ಮುಂಜಾನೆಯ ಬಸ್ಸೇ ಅದು. ಎಂಜಿನ್ ಕೆಟ್ಟು, ಆಗತಾನೇ ಸರಿಯಾಗಿತ್ತು. ತಾಯಿಯನ್ನು ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿ ತಲೆಯೆತ್ತಿದೆ. ಮುಂದಿನ ಸಾಲಿನಲ್ಲಿ ಟ್ರಂಕಿನ ಮೇಲೆ ಕಾಲಿಟ್ಟು ವೈದ್ಯರು ಕುಳಿತಿದ್ದರು.

ಬೇಡಿದ ವೈದ್ಯ ಎದುರಿಗಿದ್ದರೂ ನಾನು ಮಾಡಿದ್ದು ಭಾಷಣ. ಕರ್ತವ್ಯ, ಪ್ರತಿಜ್ಞೆ, ಬಡಜನರ ಹಕ್ಕು ಎಲ್ಲವನ್ನೂ ಒಳ್ಳೆಯ ತೆಲುಗಿನಲ್ಲಿ ಸಾಲಾಗಿ ಮಂಡಿಸಿದೆ. ಅವರೂ ಎದ್ದು ನಿಂತು ಪ್ರತಿವಾದ ಹೂಡಿದರು. ಅಷ್ಟರಲ್ಲಿ ಹಿಂದಿನಿಂದ ತಾಯಿ ನರಳಿದಳು: "ಏ...ದಿ, ಯಪ್ಪಾ, ಏ...ದಿ."

"ಚೂಡಂಡಿ! ಮಳ್ಳೀ ಏದಿ ಅಂಟೋಂದಿ!" ಎಂದು ವೈದ್ಯರು ನನ್ನತ್ತ ಕೈ ಬೀಸಿದರು. ನೋಡಿ, ಮತ್ತೆ ಅದೇ ಪ್ರಶ್ನೆ ಎಂಬ ದೂರು ಅದು. ತೆಲುಗಿನಲ್ಲಿ ಏದಿ ಎಂದರೆ 'ಯಾವುದು? ಎಲ್ಲಿ?'

ಕಂಡಕ್ಟರ್ ಖಾಜಾಮಿಯಾ ಟಿಕೆಟ್ ಚೀಲ ಹಿಂದಕ್ಕೆ ತಳ್ಳಿ ನಮ್ಮಿಬ್ಬರ ನಡುವೆ ಬಂದ.

"ಮಾಸ್ತರ್ ಸಾಬ, ಭಾಷಣ ಆಮ್ಯಾಲ ಮಾಡ್ರಿ. ಯವ್ವನ ಮಾರಿ ಕಪ್ಪಾಗ್ಯಾದ." ವೈದ್ಯರ ಕಡೆ ತಿರುಗಿ ತನ್ನ ಎದೆಯನ್ನು ಧಬಧಬ ಬಡಿದುಕೊಂಡ. "ಏದಿ ಕಾದು ಸಾಬ್! ಎದಿ! ಎದಿ ಅಂಟೇ ಛಾತೀ!"

ಏದಿ ಅಲ್ಲ, ಎದಿ, ಅಂದರೆ ಎದೆ! ವೈದ್ಯರು ಒಂದು ಕ್ಷಣ ಅವನ ಎದೆಯನ್ನೇ ನೋಡಿದರು. ಯಾವ ಔಷಧವೆಂದು ಮುದುಕಿ ಕೇಳುತ್ತಿದ್ದಾಳೆಂದು ಬಗೆದು, ಕೈಗೆ ಸಿಕ್ಕ ಬಾಟಲಿ ತೋರಿಸಿ ಅವಳ ಹೂಂ ಪಡೆದವರು ಅವರು. ಟ್ರಂಕು ತೆರೆದರು. ನಾಲಿಗೆಯ ಕೆಳಗೆ ಸಣ್ಣ ಗುಳಿಗೆ, ತೋಳಿಗೆ ಒಂದು ಸೂಜಿ. ನಾಡಿ ಹಿಡಿದು ಬಸ್ಸಿನ ನೆಲದ ಮೇಲೆಯೇ ಕುಳಿತರು.

"ಜಹೀರಾಬಾದ್ ತನಕ ಗಾಡಿ ನಿಂದ್ರಂಗಿಲ್ಲ!" ಎಂದು ಖಾಜಾಮಿಯಾ ಕೂಗಿದ.

"ನಮ್ಮ ಬೀಗರ ಊರು ಹೋತಲ್ಲೋ!" ಎಂದಳು ಒಬ್ಬ ಹೆಂಗಸು.

"ಬೀಗರು ಎಲ್ಲಿ ಓಡಿ ಹೋಗ್ತಾರ, ಕುಂದ್ರು ಯಕ್ಕಾ. ತಿರುಗಿ ಬರಾಗ ಇಳಸ್ತೀನಿ."

ಜಹೀರಾಬಾದಿನ ಆಸ್ಪತ್ರೆಯಲ್ಲಿ ತಾಯಿ ಹನ್ನೆರಡು ದಿನ ಇದ್ದಳು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲವೆಂದು ಅಲ್ಲಿಯ ಹಿರಿಯ ವೈದ್ಯರು ಹೇಳಿದರು. ನಮ್ಮ ವೈದ್ಯರು ಅಂದು ಮಧ್ಯಾಹ್ನದ ಬಸ್ಸಿಗೆ, ಅದೇ ಟ್ರಂಕಿನೊಂದಿಗೆ, ನಮ್ಮ ಊರಿಗೇ ಮರಳಿ ನಾಲ್ಕು ವರ್ಷ ನಿಂತರು. ನಾನು ಹೊಸ ಅರ್ಜಿ ಬರೆದು, ನನ್ನ ಹಿಂದಿನ ವಾದ ಸುಳ್ಳೆಂದೂ, ಇಲ್ಲಿಗೆ ವೈದ್ಯರನ್ನು ಕಳಿಸುವಾಗ ಇಲ್ಲಿಯ ಮಾತನ್ನೂ ಕಲಿಸಿ ಕಳಿಸಬೇಕೆಂದೂ ತಿಳಿಸಿದೆ.

ಬಸ್ಸು ಕೆಟ್ಟದ್ದು ಕಾಕತಾಳೀಯವೆಂದು ವಾದಿಸಬಹುದು. ಆ ಪಕ್ಷವನ್ನು ಸಮರ್ಥವಾಗಿ ಮಂಡಿಸಲು ನನಗೇ ಬರುತ್ತದೆ. ಆದರೆ ಎರಡು ಭಾಷೆಯ ವ್ಯಾಕರಣ ಓದಿದ ನನ್ನ ಕಿವಿಗೆ ಬೀಳದ ಅಕ್ಷರ ಖಾಜಾಮಿಯಾನ ಕಿವಿಗೆ ಬಿದ್ದದ್ದಕ್ಕೆ ನನ್ನಲ್ಲಿ ವಿವರಣೆಯಿಲ್ಲ. ಅಂದಿನಿಂದ ಪ್ರತಿ ಶ್ರಾವಣದ ಎರಡನೆಯ ಸೋಮವಾರ ಸಂಗಮನಾಥನ ಮುಂದೆ ನಿಲ್ಲುತ್ತೇನೆ. ಕೃತಜ್ಞತೆಯ ಹೊರತು ಬೇರೆ ನಿವೇದನೆ ಇರುವುದಿಲ್ಲ.

ಊರಿಗೆ ಮರಳಿದ ಮೇಲೆ ತಾಯಿಯನ್ನು ಕೇಂದ್ರಕ್ಕೆ ಕರೆದೊಯ್ದೆ. ಅವಳ ಸೆರಗಿನ ತುದಿಯಲ್ಲಿ ಸ್ವಾಮಿಯ ವಿಭೂತಿ ಕಟ್ಟಿತ್ತು. ವೈದ್ಯರು ನರಸಪ್ಪನಿಂದ ಕಲಿತ ಕನ್ನಡದಲ್ಲಿ ನಿಧಾನವಾಗಿ ಕೇಳಿದರು:

"ಏನ್ ಯವ್ವಾ, ಎದಿ ಹೆಂಗದ?"

ಬಾಗಿಲಲ್ಲಿ ಗಂಡಸರು ನಿಂತಿದ್ದರು. ತಾಯಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಎಲ್ಲರೆದುರು ಎದೆಯ ಮೇಲೆ ಅಂಗೈ ಊರಿ ಹೇಳಿದಳು:

"ಇಲ್ಲೇ ಅದ ನೋಡಪ್ಪಾ."

ನಾನು ನಡುವೆ ಮಾತನಾಡಲಿಲ್ಲ.