ಮಾಸ್ತರ ಮನೆಯಲ್ಲಿ ದಿನಾ ಎಳ್ಳ ಅಮಾಸಿ

ಈಗಷ್ಟೇ ಬಾಗಿಲಿಗೆ ಬಂದ ಗಾಡಿಯಿಂದ ಎರಡು ಕಟ್ಟು ಮೆಂತೆ ತೆಗೆದುಕೊಂಡು ಒಳಗೆ ಬಂದೆ. ಬೇರಿಗೆ ಅಂಟಿದ್ದ ಹಸಿ ಮಣ್ಣಿನ ವಾಸನೆ ಕೈಗೆ ಹತ್ತಿತು. ಮಲ್ಲಿಗೆ ಮೂಸಿದರೆ ಕೆಲವರಿಗೆ ತಮ್ಮ ಮದುವೆ ನೆನಪಾಗುತ್ತದಂತೆ. ಮೆಂತೆ ಮೂಸಿದರೆ ನನಗೆ ನೆನಪಾಗುವುದು ಬದುಕಿನಲ್ಲಿ ನಾನು ಗೆದ್ದ ಒಂದೇ ಒಂದು ಯುದ್ಧ. ನಗಬೇಡಿ. ಎದುರಾಳಿಗೆ ಆಗ ಆರು ವರ್ಷ. ಹೆಸರು ಸರೂ, ನನ್ನ ಚಿಕ್ಕ ಮಗಳು.

ಅದು ಎಪ್ಪತ್ತರ ದಶಕ. ನಾನು ಬಸವಕಲ್ಯಾಣದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಮದುವೆಯಾದ ಮೇಲೆ ಹಟ ಹಿಡಿದು ಓದಿ ಮೆಟ್ರಿಕ್ ಮುಗಿಸಿದ್ದ ನನ್ನ ಹೆಂಡತಿ ಶಾರದಾ ಆ ವರ್ಷ ಹುಮನಾಬಾದಿನಲ್ಲಿ ಶಿಕ್ಷಕಿಯರ ತರಬೇತಿಗೆ ಆಯ್ಕೆಯಾದಳು. ಒಂದು ವರ್ಷ ಅಲ್ಲಿ ತನ್ನ ಅಕ್ಕನ ಮನೆಯಲ್ಲಿರುವುದು, ಶನಿವಾರ ಸಂಜೆಯ ಬಸ್ಸಿಗೆ ನಮ್ಮಲ್ಲಿಗೆ ಬಂದು ಸೋಮವಾರ ನಸುಕಿನಲ್ಲಿ ಹೊರಡುವುದು ಎಂದಾಯಿತು. "ಮನಿ ಚಿಂತಿ ಬಿಡು, ನಾ ಇದ್ದೀನಲ್ಲ" ಎಂದು ನಾನು ಎದೆ ತಟ್ಟಿ ಹೇಳಿದೆ. ಅಲ್ಲಿಯವರೆಗೆ ನಾನು ಅಡುಗೆಮನೆಯಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ ಚಹಾ ಕಾಯಿಸಿದ್ದು, ಅದೂ ಒಮ್ಮೆ ಉಕ್ಕಿಸಿ ಒಲೆ ಆರಿಸಿದ್ದು.

ರೊಟ್ಟಿ ಬಡಿಯಲು ಕಲಿಯಲು ಮೂರು ವಾರ ಬೇಕಾಯಿತು. ಮೊದಮೊದಲು ನನ್ನ ರೊಟ್ಟಿಗಳು ಗೋಡೆಗೆ ತೂಗುಹಾಕಿದ ನಕಾಶೆಯಂತಿರುತ್ತಿದ್ದವು. ಹಿರಿಯ ಮಗಳು ನೀಲಾ, ಒಂಬತ್ತು ವರ್ಷದವಳು, ತಾಟಿನಲ್ಲಿ ಬಿದ್ದದ್ದನ್ನು ತಿರುಗಿಸಿ ನೋಡಿ, "ಅಪ್ಪಾ, ಇದರಾಗ ಬೀದರ ಎಲ್ಲಿ ಬರ್ತದ?" ಎಂದು ಕೇಳಿದ್ದುಂಟು. ಆದರೂ ಪಾಪ, ತಿನ್ನುತ್ತಿದ್ದಳು. ಸರೂ ಹಾಗಲ್ಲ. ಅವಳ ಲೋಕದಲ್ಲಿ ಇದ್ದದ್ದು ಮೂರೇ ಪದಾರ್ಥ: ರೊಟ್ಟಿ, ಬೆಲ್ಲ, ಚಹಾ. ತಾಯಿ ಇದ್ದಾಗ ಗದರಿಯೋ ಮುದ್ದಿಸಿಯೋ ನಾಲ್ಕು ತುತ್ತು ಪಲ್ಯ ಒಳಗೆ ಹೋಗುತ್ತಿತ್ತು. ನನ್ನ ಆಳ್ವಿಕೆಯಲ್ಲಿ ಅದೂ ನಿಂತಿತು. ಅಳುವುದಕ್ಕಿಂತ ಬೆಲ್ಲ ತಿನ್ನಲಿ ಬಿಡು ಎಂದು ನಾನೂ ಸುಮ್ಮನಾದೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಹುಡುಗಿ ಸಂಜೆ ಹೊಸ್ತಿಲು ಎಡವತೊಡಗಿದಳು. ಬಿಂದಿಗೆಗೆ ಕಾಲು ತಾಗಿಸಿ ನೀರು ಚೆಲ್ಲಿದಳು. "ಕಣ್ಣ ಎಲ್ಲಿಟ್ಟು ನಡೀತಿ?" ಎಂದು ಎರಡು ಸಲ ಗದರಿದೆ. ಮೂರನೆಯ ಸಲ ನೀಲಾ ನಡುವೆ ಬಂದು ನಿಂತಳು.

"ಆಕೀಗಿ ಬೈಬ್ಯಾಡ್ರಿ ಅಪ್ಪಾ. ಹೊತ್ತು ಮುಣಿಗಿದ ಮ್ಯಾಲ ಆಕೀಗಿ ಕಾಣಸೂದಿಲ್ಲ. ನನ್ನ ಲಂಗ ಹಿಡ್ಕೊಂಡೇ ನಡೀತಾಳ."

ಎಷ್ಟು ದಿನದಿಂದ ಎಂದು ಕೇಳಿದೆ. ದಸರಾದಿಂದ ಎಂದಳು. ದಿನವಿಡೀ ನಲವತ್ತು ಮಕ್ಕಳನ್ನು ನೋಡಿಕೊಳ್ಳುವ ನಾನು ನನ್ನ ಮನೆಯ ಮಗುವನ್ನು ನೋಡಿರಲಿಲ್ಲ.

ಹುಮನಾಬಾದಿಗೆ ಕರೆದೊಯ್ದೆ. ಶಾರದಾ ತರಗತಿ ಬಿಟ್ಟು ದವಾಖಾನೆಗೆ ಓಡಿ ಬಂದಳು. ವೈದ್ಯರು ಇರುಳುಗುರುಡು ಎಂದರು. "ಔಷಧ ಕೊಡ್ತೀನಿ, ಈಗ ಸುಧಾರಿಸ್ತದ. ಆದ್ರ ಊಟ ಹಿಂಗೇ ಇದ್ರ ಮತ್ತ ಬರ್ತದ. ಮತ್ತ ಮತ್ತ ಬಂದ್ರ ಕಣ್ಣೇ ಹೋಗ್ತಾವ. ತಪ್ಪಲಪಲ್ಯ, ಗಜ್ಜರಿ, ಕುಂಬಳಕಾಯಿ ದಿನಾ ಹೊಟ್ಟಿಗಿ ಹೋಗಬೇಕು. ಮೂರ ತಿಂಗಳ ಬಿಟ್ಟು ತೋರಸ್ರಿ."

ಬಸ್ ನಿಲ್ದಾಣದಲ್ಲಿ ಶಾರದಾ ಮಗಳನ್ನು ಎದೆಗೊತ್ತಿಕೊಂಡು ನಿಂತಳು. ಕೊನೆಗೆ, "ನೋಡ್ರಿ, ಒಂದು ತಿಂಗಳ ಕಾಯ್ತೀನಿ. ಕೂಸು ಪಲ್ಯ ತಿನ್ನಲಿಲ್ಲಂದ್ರ ಟ್ರೇನಿಂಗ್ ಬಿಟ್ಟು ಮನಿಗಿ ಬರ್ತೀನಿ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದಳು. ಲಾಟೀನಿನ ಮುಂದೆ ಕೂತು ಅವಳು ಓದಿದ ಆರು ವರ್ಷ ನನ್ನ ಕಣ್ಣಿಗೆ ಕಟ್ಟಿತು.

ಮರುದಿನದಿಂದಲೇ ಯುದ್ಧ. ಮೊದಲು ಉಪನ್ಯಾಸ: ತಪ್ಪಲಪಲ್ಯದ, ಅಂದರೆ ಸೊಪ್ಪಿನ, ಗುಣಗಳನ್ನು ಪಾಟಿಯ ಮೇಲೆ ಬರೆದು ವಿವರಿಸಿದೆ. ಸರೂ ಅದನ್ನು ಚೆಂದದ ಅಕ್ಷರದಲ್ಲಿ ನಕಲು ಮಾಡಿದಳು, ತಿನ್ನಲಿಲ್ಲ. ಆಮೇಲೆ ಮೋಸ: ಪಾಲಕ ಅರೆದು ಹಿಟ್ಟಿನಲ್ಲಿ ಕಲಸಿದೆ. "ರೊಟ್ಟಿಗಿ ಪಾಚಿ ಹತ್ತ್ಯಾದ" ಎಂದು ತಾಟು ಸರಿಸಿದಳು. ಕೊನೆಗೆ ಒಂದು ದಿನ ಕೈಯನ್ನೂ ಎತ್ತಿದೆ. ಹೊಡೆಯಲಿಲ್ಲ, ಆದರೆ ಎತ್ತಿದ ಕೈ ಅವಳ ಕಣ್ಣಿಗೆ ಬಿತ್ತು. ಆ ಕಣ್ಣಿಗೆ ಅದೇ ಏಕೆ ಚೆನ್ನಾಗಿ ಕಾಣಬೇಕಿತ್ತೋ!

ನಮ್ಮ ಓಣಿಗೆ ಮುಡಬಿಯಿಂದ ಸುಂದ್ರಾಬಾಯಿ ಎಂಬಾಕೆ ಕಾಯಿಪಲ್ಯ ತರುತ್ತಿದ್ದಳು. ಬಾವಿಯ ಬದಿಯ ಅರ್ಧ ಎಕರೆಯಲ್ಲಿ ತಾನೇ ಬೆಳೆದು, ಬೆಳಗಿನ ಬಸ್ಸಿಗೆ ಬುಟ್ಟಿ ಹೇರಿಕೊಂಡು ಬರುವ ಗಟ್ಟಿ ಹೆಂಗಸು. ನಾನು ಕೈ ಎತ್ತಿದ ಮರುದಿನ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ನಾನು ಹೊಸ್ತಿಲಲ್ಲೇ ಕೂತು ಎಲ್ಲ ಹೇಳಿಬಿಟ್ಟೆ.

"ಮಾಸ್ತರ್ರೀ, ಸಾಲ್ಯಾಗ ಹುಡುಗ್ರಿಗಿ ಬರಿಯೂದು ಹ್ಯಾಂಗ ಕಲಸ್ತೀರಿ? ನೀವೇ ಬರೀತೀರೋ, ಅವರ ಕೈಲಿ ಬರಸ್ತೀರೋ?"

"ಅವರ ಕೈಲಿ ಬರಸ್ತೀನಿ ಬಾಯಿ."

"ಮತ್ತ ಅಡಗಿಮನ್ಯಾಗ ನೀವೊಬ್ಬರೇ ಯಾಕ ಬರಿಯಾಕತ್ತೀರಿ? ಐತ್ವಾರ ಇಬ್ಬರನೂ ಹೊಲಕ್ಕ ಕರ್ಕೊಂಡು ಬರ್ರಿ."

ಹೋದೆವು. ಆ ವಾರ ಪರೀಕ್ಷೆಯೆಂದು ಶಾರದಾ ಊರಿಗೆ ಬಂದಿರಲಿಲ್ಲ. ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಭಜ್ಜಿ ನಿಮಗೆ ಗೊತ್ತಿರಬಹುದು. ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ. ಹಸಿ ಅವರೆ, ತೊಗರಿ ಕಾಳು, ಮೆಂತೆ, ಪುಂಡಿಪಲ್ಯವೆಂಬ ಹುಳಿಸೊಪ್ಪು, ಗಜ್ಜರಿ, ಬದನೆ, ಉಳ್ಳಾಗಡ್ಡಿ ತಪ್ಪಲು, ಹೊಲದಲ್ಲಿ ಏನಿದೆಯೋ ಎಲ್ಲ ಒಂದೇ ಗಡಿಗೆಯಲ್ಲಿ ಬೇಯಿಸಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕದಡಿ ಕುದಿಸುವ ಗಟ್ಟಿ ಸಾರು. ಅಮಾವಾಸ್ಯೆ ಇನ್ನೂ ದೂರವಿತ್ತು. ಸುಂದ್ರಾಬಾಯಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸರೂಳ ಕೈಗೆ ಬುಟ್ಟಿ ಕೊಟ್ಟು, "ಇವತ್ತು ನೀ ಯಜಮಾನಿ. ನೀ ಹೇಳಿದ್ದೇ ಗಡಗ್ಯಾಗ ಬೀಳ್ತದ" ಎಂದಳು.

ಹುಡುಗಿ ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿದವಳಂತೆ ಹೊರಟಳು. ಗಜ್ಜರಿ ಕಿತ್ತಾಗ ಕ್ಯಾರೆಟ್ಟು ಕೆಂಪಗೆ ಮೇಲೆ ಬಂದದ್ದು ಕಂಡು ಕಿರುಚಿದಳು. ನೀಲಾ ಅವರೆ ಸುಲಿದಳು. ನಾನು ಕಟ್ಟಿಗೆ ತಂದೆ, ಒಲೆ ಊದಿದೆ, ಹೊಗೆ ಕುಡಿದೆ. ಕುದಿ ಬಂದಾಗ ಸುಂದ್ರಾಬಾಯಿ ಸೌಟಿನಲ್ಲಿ ಚೂರು ತೆಗೆದು ಆರಿಸಿ, "ಉಪ್ಪು ನೋಡವ್ವ ಯಜಮಾನಿ" ಎಂದಳು.

ಸರೂ ನನ್ನ ಕಡೆ ನೋಡಿದಳು. ನಾನು ಒಲೆಯ ಕಡೆ ನೋಡಿದೆ. ಅಂಥ ಜಾಣತನ ನನ್ನಿಂದ ಮತ್ತೆಂದೂ ಆಗಿಲ್ಲ.

ನಾಲಿಗೆಯ ತುದಿ ತಾಗಿಸಿದಳು. "ಗೊತ್ತಾಗವಲ್ದು. ಇನ್ನೊಮ್ಮಿ ಹಾಕ್ರಿ." ಎರಡನೆಯ ಸಲ ಪೂರ್ತಿ ನುಂಗಿದಳು. ಮೂರನೆಯ ಸಲ ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟಳು: "ಉಪ್ಪು ಕಡಿಮಿ ಅದ. ಹುಳಿ ಬರೋಬರಿ ಅದ."

ಬಡಿಸಿದವಳೂ ಅವಳೇ. ನನಗೆ, ನೀಲಾಗೆ, ಸುಂದ್ರಾಬಾಯಿಗೆ, ಪಕ್ಕದ ಹೊಲದಿಂದ ವಾಸನೆ ಹಿಡಿದು ಬಂದ ಇಬ್ಬರು ಹೆಂಗಸರಿಗೆ ಬಡಿಸಿ, ಕೊನೆಗೆ ಗಡಿಗೆಯೊಳಗೆ ಬಗ್ಗಿ ನೋಡಿ ಗಾಬರಿಯಾದಳು. "ಎಲ್ಲಾ ನೀವೇ ತಿಂದ್ರ ನನಗೆಲ್ಲಿ ಉಳೀತು?" ನನ್ನ ತಾಟಿನಿಂದ ಅರ್ಧ ಎತ್ತಿ ಕೊಟ್ಟೆ. ಅವಳು ರೊಟ್ಟಿ ಮುರಿದು, ಮೆಂತೆ ಎಲೆ ಜೋತಾಡುವ ದೊಡ್ಡ ತುತ್ತನ್ನು ಬಾಯಿಗಿಟ್ಟುಕೊಂಡಳು. ಹೊಲದ ಪಕ್ಕದಲ್ಲೇ ಇದ್ದ ಸುಂದ್ರಾಬಾಯಿಯ ಮನೆಯಲ್ಲಿ ಗೋಡೆಯ ಮೇಲೆ ಬುದ್ಧನ ಚಿತ್ರವೊಂದಿತ್ತು. ಕೈ ತೊಳೆಯಲು ಹೋದವನು ಅದಕ್ಕೂ ಒಂದು ನಮಸ್ಕಾರ ಹಾಕಿ ಬಂದೆ.

ನಾವು ಎಲ್ಲಿ ಉಂಡೆವೆಂಬ ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು, "ಏನ್ ಮಾಸ್ತರ, ಆ ಮಂದಿ ಮಾಡಿದ್ದು ಉಂಡು ಬಂದೀರಂತ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಸರೂ ಹೊಲದಿಂದ ತಂದ ಬುಟ್ಟಿ ಎತ್ತಿ ತೋರಿಸಿದಳು. "ಅವರು ಮಾಡಿಲ್ಲರಿ ಅಜ್ಜಾ, ನಾ ಮಾಡೀನಿ. ನಾಳಿ ಮತ್ತ ಮಾಡ್ತೀನಿ, ಬರ್ರಿ." ಹಿರಿಯರು ಬರಲಿಲ್ಲ. ಎರಡು ವಾರದ ಮೇಲೆ ಅವರ ಮೊಮ್ಮಗಳು ತಾಟು ಹಿಡಿದು ಬಂದಳು.

ಅಂದಿನಿಂದ ನಮ್ಮ ರಾತ್ರಿಯೂಟದ ರಾಜ್ಯಭಾರ ಹುಡುಗಿಯರದು. ಇವತ್ತು ಗಡಿಗೆಗೆ ಏನು ಬೀಳಬೇಕು ಎಂದು ಬೆಳಿಗ್ಗೆ ಬುಟ್ಟಿಯ ಮುಂದೆ ಕೂತು ಅವರೇ ಜಗಳಾಡಿ ತೀರ್ಮಾನಿಸುತ್ತಿದ್ದರು. ನಾನು ಹೆಚ್ಚುವವನು, ಒಲೆ ಕಾಯುವವನು. ಕುಂಬಳಕಾಯಿಗೆ ಬೆಲ್ಲ ಹಾಕುವ ಕಾಯಿದೆ ಸರೂಳದು, ಪುಂಡಿಪಲ್ಯಕ್ಕೆ ಶೇಂಗಾ ಪುಡಿ ನೀಲಾಳದು. ಸೋತ ಅಡುಗೆಗಳೂ ಇದ್ದವು. ಹಾಗಲಕಾಯಿಯ ದಿನ ಮೂವರೂ ಬೆಲ್ಲವನ್ನೇ ತಿಂದು ಮಲಗಿದೆವು. ವಾರಕ್ಕೆ ನಾಲ್ಕು ದಿನ ಭಜ್ಜಿ ಕುದಿಯುವುದನ್ನು ಕಂಡು ನೆರೆಯವರು, "ಮಾಸ್ತರ ಮನ್ಯಾಗ ದಿನಾ ಎಳ್ಳ ಅಮಾಸಿ" ಎಂದು ನಗುತ್ತಿದ್ದರು. ನಗಲಿ ಬಿಡಿ, ತಾಟುಗಳು ಖಾಲಿಯಾಗುತ್ತಿದ್ದವು.

ಶಾರದಾ ಕೊಟ್ಟ ಒಂದು ತಿಂಗಳು ಮುಗಿದ ಶನಿವಾರ ಅವಳು ತಾಟು ಹಿಡಿದು ಕೂತು ಮಗಳನ್ನೇ ನೋಡಿದಳು. ಸರೂ ಎರಡನೆಯ ಸಲ ಪಲ್ಯ ಬಡಿಸಿಕೊಂಡಾಗ ಶಾರದಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಖಾರ ಜಾಸ್ತಿ ಆಗ್ಯಾದ" ಎಂದಳು. ಖಾರ ಆಗಿರಲಿಲ್ಲ. ಟ್ರೇನಿಂಗ್ ಬಿಡುವ ಮಾತು ಮತ್ತೆ ಬರಲಿಲ್ಲ.

ಔಷಧದ ಬಾಟಲಿ ಮುಗಿದು ಬಹಳ ದಿನವಾಗಿದ್ದ ಇನ್ನೊಂದು ಶನಿವಾರ. ಸೂರ್ಯ ಮುಳುಗಿ, ಓಣಿಯಲ್ಲಿ ದೀಪ ಹಚ್ಚುವ ಹೊತ್ತು. ನಾವು ಮೂವರೂ ಬಾಗಿಲಲ್ಲಿ ನಿಂತಿದ್ದೆವು. ಓಣಿಯ ಆ ತುದಿ ನನಗೆ ಬರೀ ಮಸುಕು. ಸರೂ ನೀಲಾಳ ಲಂಗ ಹಿಡಿದಿರಲಿಲ್ಲ. ತಟ್ಟನೆ ಕೂಗಿದಳು: "ಅವ್ವ ಬಂದ್ಳು! ಕೈಯಾಗ ಹಳದಿ ಚೀಲ ಅದ!" ಕೂಗಿದವಳೇ ಕಲ್ಲು, ಚರಂಡಿ, ಮಲಗಿದ್ದ ನಾಯಿ ಎಲ್ಲವನ್ನೂ ದಾಟಿ ಓಡಿದಳು. ಒಂದನ್ನೂ ಎಡವಲಿಲ್ಲ. ಚೀಲ ಹಳದಿಯದೇ ಎಂದು ನನಗೆ ತಿಳಿದದ್ದು ಅದು ಮನೆಯೊಳಗೆ ಬಂದ ಮೇಲೆ.

ಹುಮನಾಬಾದಿನ ವೈದ್ಯರು ಕಣ್ಣಿನೊಳಗೆ ದೀಪ ಬಿಟ್ಟು ನೋಡಿ, ಇನ್ನು ಬರುವುದು ಬೇಡ ಎಂದರು. ಔಷಧದ ಪಾಲೆಷ್ಟು, ಭಜ್ಜಿಯ ಪಾಲೆಷ್ಟು ಎಂದು ನಾನು ಕೇಳಲಿಲ್ಲ. ಗೆದ್ದವರು ಅಂಥ ಪ್ರಶ್ನೆ ಕೇಳಬಾರದು.

ಬೇಸಿಗೆಯಲ್ಲಿ ಶಾರದಾ ಪ್ರಮಾಣಪತ್ರ ಹಿಡಿದು ಕಾಯಂ ಆಗಿ ಮನೆಗೆ ಬಂದಳು. ಮುಂದಿನ ತಿಂಗಳಲ್ಲೇ ಅವಳಿಗೆ ಶಾಲೆಯೂ ಸಿಕ್ಕಿತು. ಬಂದ ಸಂಜೆಯೇ ಕೈಕಾಲು ತೊಳೆದು ಅಡುಗೆಮನೆಗೆ ಬಂದು, "ಭಾಳ ದಣಿದೀರಿ. ಸರೀರಿ, ಇನ್ನ ಮ್ಯಾಲ ನಾ ನೋಡ್ಕೋತೀನಿ" ಎಂದು ನನ್ನ ಕೈಯಲ್ಲಿದ್ದ ಸೌಟಿಗೆ ಕೈ ಚಾಚಿದಳು. ನಾನೂ ಆ ದಿನಕ್ಕಾಗಿ ವರ್ಷವಿಡೀ ಕಾದಿದ್ದೆ. ಆದರೆ ಒಲೆಯ ಮೇಲೆ ಒಗ್ಗರಣೆ ಹದಕ್ಕೆ ಬರುತ್ತಿತ್ತು, ಇಬ್ಬರು ಹುಡುಗಿಯರು ನನ್ನನ್ನೇ ನೋಡುತ್ತಿದ್ದರು.

ನಾನು ಸೌಟು ಕೊಡಲಿಲ್ಲ.

ಇವತ್ತಿಗೂ ಕೊಟ್ಟಿಲ್ಲ. ಶಾರದಾ ಹೊರಗೆ ಕೂತು ಪೇಪರ್ ಓದುತ್ತಿದ್ದಾಳೆ. ಹಸಿವಾಯಿತೆಂದು ಈಗ ಎರಡನೆಯ ಸಲ ಕೂಗಿದಳು. ನೀವೂ ಕೂತಿರಿ, ಉಂಡೇ ಹೋಗಿ. ರೊಟ್ಟಿಗಳು ಈಗ ದುಂಡಗೆ ಬರುತ್ತವೆ.