ಹಿಮದೂರಿನ ಅಂಚೆ, ತಿಗನಾರೆಯ ಕೂಗು

ತಿಗನಾರೆಗೆ ಬಂದ ಮರುದಿನ ಬೆಳಿಗ್ಗೆ ಹೊಲದ ಕಡೆಯಿಂದ ಹೆಂಗಸೊಬ್ಬಳ ನೀಳವಾದ ಕೂಗು ಕೇಳಿತು. ಅದು ಮುಗಿಯುವಷ್ಟರಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಯಾರೋ ತೀರಿಕೊಂಡರೆಂದು ಬರಿಗಾಲಲ್ಲೇ ಅಂಗಳಕ್ಕೆ ಓಡಿದೆ. ರಾಗಿ ಕೇರುತ್ತಿದ್ದ ಅತ್ತೆ ಮೊರ ಕೆಳಗಿಡದೆ ನಕ್ಕರು.

"ಯಾರೂ ಸತ್ತಿಲ್ಲ ಕಣವ್ವ, ಜೋಳದ ಕಾವಲು. ಒಬ್ಳು ಕೂಗುದ್ರೆ ಪಕ್ಕದ ಒಲದವ್ಳು ಓಗುಡ್ಬೇಕು. ಓಗುಡ್ನಿಲ್ಲ ಅಂದ್ರೆ ಆನೆನೋ ಆವೋ ಅಂತ ಓಡೋಗಿ ನೋಡ್ಬೇಕು."

ಮೈಸೂರಿನಲ್ಲಿ ಹದಿನಾರು ವರ್ಷ ಸಂಸಾರ ಮಾಡಿದವಳು ನಾನು. ಗಂಡ ತಮಿಳುನಾಡಿನ ಗಡಿಯೊಳಗಿರುವ ತನ್ನೂರಿನ ಬೇಸಾಯಕ್ಕೆ ಮರಳಿದಾಗ ಜೊತೆಗೆ ಬಂದೆ. ಮೈಸೂರಿನಲ್ಲಿ ಎದುರು ಮನೆಯ ಬಾಗಿಲು ಮೂರು ದಿನ ತೆರೆಯದಿದ್ದರೆ ಎಲ್ಲೋ ಪ್ರವಾಸ ಹೋಗಿರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದೆವು. ಕಾನ್ವೆಂಟಿನ ಸಿಸ್ಟರ್‌ಗಳು ದನಿಯೇರಿಸದೆ ಮಾತಾಡುವುದನ್ನೇ ಕಲಿಸಿದ್ದರು. ಅತ್ತೆಗೆ ಮಂಡಿನೋವು ಹೆಚ್ಚಾಗಿ ಹಗಲಿನ ಕಾವಲು ನನ್ನ ಪಾಲಿಗೆ ಬಂದಾಗ, ನನ್ನ ಮೊದಲ ಕೂಗಿಗೆ ಪಕ್ಕದ ಹೊಲದ ಮಾದಮ್ಮ ಬಿದ್ದು ಬಿದ್ದು ನಕ್ಕಳು. "ಬೆಕ್ಕು ಕೂಗ್ದಂಗದೆ ಕಣವ್ವ! ಒಟ್ಟೆಯಿಂದ ತಗೀರಿ!" ಕೂಲಿ ಮಾಡಿಕೊಂಡೇ ಒಂದು ತುಂಡು ಹೊಲ ನೋಡಿಕೊಳ್ಳುವವಳು ಅವಳು. ಹದಿನೈದು ದಿನಕ್ಕೆ ನನ್ನ ಕೂಗೂ ಹಳ್ಳ ದಾಟಿತು. ಸಂತೆಯಲ್ಲಿ ಟೊಮೇಟೊವನ್ನು ತಮಿಳಿನಲ್ಲಿ ‘ತಕ್ಕಾಳಿ’ ಎಂದು ಕೇಳಲು ನಾಲಿಗೆ ತಡವರಿಸುವುದೂ ನಿಂತಿತು.

ಆದರೂ ಹೊಲದ ನಡುವಿನ ಕಾವಲು ಅಟ್ಟಣೆಯ ಮೇಲಿನ ಮಧ್ಯಾಹ್ನಗಳು ಉದ್ದ. ಸಿಗ್ನಲ್ ಇಲ್ಲದ ಜಾಗ. ಎಲ್ಲರೂ ಆಡುವ ಗದ್ದಲದ ಆಟಗಳು ಫೋನಿನಲ್ಲಿ ತೆರೆಯುವುದೇ ಇಲ್ಲ. ಹಾಗಾಗಿ ಸಿಗ್ನಲ್ ಬೇಡದ, ಯಾರೂ ಹೊಗಳದ ಪುಟ್ಟ ಆಟಗಳನ್ನು ಹುಡುಕಿಕೊಂಡೆ. ಒಂದರಲ್ಲಿ ಒಡೆದ ಪಿಂಗಾಣಿಯ ಚೂರುಗಳನ್ನು ಕೂಡಿಸಬೇಕು, ಅಷ್ಟೆ. ಅಂಚಿಗೆ ಅಂಚು ಕೂತಾಗ ಬರುವ ‘ಟಿಕ್’ ಎಂಬ ಸದ್ದಿಗಾದರೂ ಅದನ್ನು ಆಡಬೇಕು. ಇನ್ನೊಂದರಲ್ಲಿ ನಾವು ಹಿಮ ಬೀಳುವ ಊರಿನ ಅಂಚೆಯವಳು. ಅರ್ಧ ಅಳಿಸಿದ ವಿಳಾಸ ಓದಿ ಮನೆ ಹುಡುಕಬೇಕು. ಅಂಕವಿಲ್ಲ, ಶತ್ರುವಿಲ್ಲ, ಅವಸರವಿಲ್ಲ. ಕಾಗದ ತಲುಪಿದ ಮನೆಯ ಕಿಟಕಿಯಲ್ಲಿ ದೀಪ ಹತ್ತುತ್ತದೆ. ಹೊಸ ಊರಿಗೆ ಹೋದವರೆಲ್ಲ ಅದನ್ನು ಆಡಬೇಕೆಂದು ಈಗಲೂ ಹೇಳುತ್ತೇನೆ. ಹಿಮದ ಮೇಲಿನ ಹೆಜ್ಜೆಸದ್ದು ಚೆನ್ನಾಗಿ ಕೇಳಲಿ ಎಂದು ನಾನು ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಯಾರೋ ನನ್ನ ಕಾಲು ಹಿಡಿದು ಅಲುಗಾಡಿಸಿದರು. ಮಾದಮ್ಮ! ಸೆರಗು ಮುಳ್ಳಿಗೆ ಸಿಕ್ಕಿ ಹರಿದಿತ್ತು.

"ಮೂರು ಕಿತ ಕೂಗ್ದೆ! ಏನಾಯ್ತವ್ವ, ಉಸಾರಿಲ್ವಾ?"

ಫೋನನ್ನು ಮಡಿಲಿಗೆ ಸರಿಸಿ, "ತಲೆ ಸುತ್ತಿತು" ಎಂದುಬಿಟ್ಟೆ. ಅವಳು ನನಗೆ ನೀರು ಕುಡಿಸಿ, ಅದೇ ಹರಿದ ಸೆರಗಿನಿಂದ ಗಾಳಿ ಬೀಸಿದಳು. ತನ್ನ ಹೊಲಕ್ಕೆ ಮರಳುವಷ್ಟರಲ್ಲಿ ಕೋತಿಗಳ ಹಿಂಡು ಹಳ್ಳದ ಕಡೆಯ ಸಾಲುಗಳನ್ನೆಲ್ಲ ಮುರಿದು ಹಾಕಿತ್ತು. ಸಂಜೆ ಅತ್ತೆಯ ಕೈಯಲ್ಲಿ ಎರಡು ನಿಂಬೆಹಣ್ಣು ಕೊಟ್ಟು ಹೋಗಿದ್ದಳಂತೆ, ನನ್ನ ತಲೆಸುತ್ತಿಗೆ.

ಅತ್ತೆ ಅದರಲ್ಲಿ ಮಾಡಿಕೊಟ್ಟ ಪಾನಕವನ್ನು ಹಾಗೇ ಬಿಟ್ಟೆ. ಎರಡು ದಿನ ತಡೆದುಕೊಂಡು, ಮೂರನೆಯ ದಿನ ನಮ್ಮ ಹೊಲದ ತೆನೆಗಳನ್ನು ಚೀಲಕ್ಕೆ ತುಂಬಿ ಹೊರಟೆ. ಆಟದ ಹಿಮದೂರಿನ ಯಾವ ಬಾಗಿಲಿಗೆ ಯಾವ ಬಣ್ಣವೆಂದು ಕಣ್ಣುಮುಚ್ಚಿ ಹೇಳಬಲ್ಲವಳು, ಮಾದಮ್ಮನ ಮನೆಗೆ ಇಬ್ಬರನ್ನು ದಾರಿ ಕೇಳಬೇಕಾಯಿತು.

"ತಲೆ ಸುತ್ತಿರಲಿಲ್ಲ ಮಾದಮ್ಮ. ಫೋನಿನಲ್ಲಿ ಆಟ ಆಡುತ್ತಿದ್ದೆ. ಕಿವಿಗೆ ಹಾಕಿಕೊಂಡಿದ್ದೆ, ಕೇಳಿಸಲಿಲ್ಲ."

ಒಲೆ ಊದುತ್ತಿದ್ದವಳು ತಿರುಗಿದಳು. "ಆಟ್ವಾ?"

ತಲೆಯಾಡಿಸಿದೆ.

"ಜೋಳ ಓಗ್ಲಿ ಬುಡಿ, ಕೋತಿ ನಿಮ್ದೂ ತಿಂತಾವೆ, ನಮ್ದೂ ತಿಂತಾವೆ. ಇವ್ರತ್ತೆಗೆ ಏನಂತ ಏಳ್ಳಿ ಅಂತ ದಾರಿಯುದ್ದಕ್ಕೂ ಅಳ್ತಾ ಓಡ್ಬಂದೆ ಕಣವ್ವ. ಅದ್ನ ಯಾವ ಚೀಲ್ದಲ್ಲಿ ತಂದ್ಕೊಟ್ಟೀರಿ?"

ತಂದಿದ್ದನ್ನು ಅವಳ ಮುಂದಿಟ್ಟೆ. ಚೀಲವನ್ನು ಮಾತ್ರ ಅವಳು ಬೇಡ ಎನ್ನಲಿಲ್ಲ.

ಮೈಸೂರಿನ ಗೆಳತಿಯರೇ, ಆ ಆಟ ಆಡಿ, ಚೆನ್ನಾಗಿದೆ. ಅದರಲ್ಲಿ ಮೈಮರೆತರೆ ನಿಮ್ಮ ಮನೆಗಳಲ್ಲಿ ಒಲೆಯ ಮೇಲಿನ ಹಾಲು ಉಕ್ಕೀತು, ಅಷ್ಟೆ. ನಾನು ಈಗ ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಮೈಸೂರಿನ ತವರಿಗೆ ಹೋದಾಗ ಯಾರೂ ಕೂಗದ ಆ ಬೀದಿಯಲ್ಲಿ ಏನೋ ಕೆಟ್ಟದ್ದಾಗಿದೆ ಅನ್ನಿಸುತ್ತದೆ. ಇಲ್ಲಿ ಮಾದಮ್ಮ ಕೂಗಿದೊಡನೆ ಎದ್ದು ನಿಂತು ಗಂಟಲು ಹರಿಯುವಂತೆ ಓಗೊಡುತ್ತೇನೆ. ಆದರೂ ಅವಳು ಬದುವಿನ ಮೇಲೆ ಹತ್ತಿ, ಹಣೆಗೆ ಕೈ ಅಡ್ಡ ಹಿಡಿದು, ನಾನು ಕಣ್ಣಿಗೆ ಬೀಳುವ ತನಕ ನೋಡುತ್ತಾಳೆ. ಬೇರೆ ಯಾವ ಹೊಲದ ಕಡೆಗೂ ಹಾಗೆ ನೋಡುವುದಿಲ್ಲ. ಅವಳ ಪಾಲಿಗೆ ನಾನಿನ್ನೂ ಕಾಯುವವಳಲ್ಲ, ಜೋಳದ ಹಾಗೆ ಕಾಯಬೇಕಾದವಳು.