ವಾಡಿಯಲ್ಲಿ ಐತ್ವಾರದ ಪಾಠ

ಮಜೀದಸಾಬರಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಅಕ್ಷರಾಭ್ಯಾಸದ ಯೋಗ ಬಂತು. ಚಿತ್ತಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಉರ್ದು ಬರೆದ ಗುಮಾಸ್ತರು ಅವರು. ತಮ್ಮ ಕೈಬರಹ ನೋಡಲಿಕ್ಕೆಂದೇ ಮೇಲಿನ ಕಚೇರಿಯವರು ಕಾಗದ ತರಿಸಿಕೊಳ್ಳುತ್ತಾರೆ ಎಂದು ಅವರೇ ಹೇಳುತ್ತಿದ್ದರು, ಬೇರೆ ಯಾರೂ ಹೇಳಿದ್ದಿಲ್ಲ. 1948ರ ಸೆಪ್ಟೆಂಬರಿನಲ್ಲಿ ಸೈನ್ಯ ಬಂತು, ನಿಜಾಮರ ಆಡಳಿತ ಮುಗಿಯಿತು. ನೋಡನೋಡುತ್ತ ವಾರದ ರಜೆ ಶುಕ್ರವಾರದಿಂದ ಐತ್ವಾರಕ್ಕೆ ಸರಿಯಿತು, ಕಾಗದದ ಮೇಲೆ ಬಲದಿಂದ ಹೊರಡುತ್ತಿದ್ದ ಸಾಲು ಎಡದಿಂದ ಹೊರಡತೊಡಗಿತು. 1950ರಲ್ಲಿ ಹೊಸದಾಗಿ ಬಂದ ಸಾಹೇಬರು ಹಳೆಯ ಗುಮಾಸ್ತರನ್ನೆಲ್ಲ ಕರೆದು, ಎರಡು ವರ್ಷದೊಳಗೆ ಇಂಗ್ಲಿಷ್ ಪರೀಕ್ಷೆ ಪಾಸಾಗದವರು ಮನೆಯ ದಾರಿ ಹಿಡಿಯಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದರು.

ಮಜೀದಸಾಬರಿಗೆ ನೌಕರಿಯ ಚಿಂತೆಗಿಂತ ಇನ್ನೊಂದು ಚಿಂತೆ ದೊಡ್ಡದಿತ್ತು. ಹೆಂಡತಿ ಶಹರಬಾನುವಿನ ತಮ್ಮ ಮೆಹತಾಬ್ ಶಹಾಬಾದದಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದಲ್ಲಿದ್ದ. ಅದೇ ಸೆಪ್ಟೆಂಬರಿನಲ್ಲಿ ಅವನು ಕಾಣೆಯಾದ. ಆ ದಿನಗಳಲ್ಲಿ ಯಾರು ಎಲ್ಲಿ ಹೋದರು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಜೀದಸಾಬರು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಹೆಂಡತಿಯ ಹೆಸರಿನಲ್ಲಿ ತಮ್ಮದೇ ಕಚೇರಿಗೆ ಒಂದು ಅರ್ಜಿ ಬರೆದರು. ತುಂಬಾ ಚಂದದ ಉರ್ದು. ತಾವೇ ಅದಕ್ಕೆ ನಂಬರು ಹಾಕಿ ತಾವೇ ಕಟ್ಟಿನೊಳಗೆ ಇಟ್ಟರು. ವರ್ಷ ಕಳೆದರೂ ಜವಾಬು ಬರಲಿಲ್ಲ. ಸಾಹೇಬರಿಗೆ ಉರ್ದು ಓದಲು ಬಾರದು, ಅದಕ್ಕೇ ಹೀಗೆ ಎಂದು ಅವರು ತೀರ್ಮಾನ ಮಾಡಿಕೊಂಡರು.

"ಇಂಗ್ಲಿಷ್ ಒಂದು ಬರಲಿ, ಬಾನು. ನಾನೇ ಬರೀತೀನಿ. ಆಗ ಹ್ಯಾಂಗ ಹುಡುಕಂಗಿಲ್ಲ ನೋಡ್ತೀನಿ," ಎಂದರು.

ಶಹರಬಾನು ಹೂಂ ಎಂದಳು. ತಮ್ಮ ಹೋದಾಗಿನಿಂದ ಅವಳು ಅತ್ತವಳಲ್ಲ, ಜಗಳ ಕಾದವಳಲ್ಲ. ಹೊತ್ತು ಹೊತ್ತಿಗೆ ರೊಟ್ಟಿ ಬಡಿಯುತ್ತಿದ್ದಳು, ನೀರು ಸೇದುತ್ತಿದ್ದಳು, ನಮಾಜು ಮಾಡುತ್ತಿದ್ದಳು. ಕಾಲಿಗೆ ಜೋಮು ಹಿಡಿದಂತೆ ಆ ಮನೆಗೆ ಮನೆಯೇ ಜೋಮು ಹಿಡಿದಿತ್ತು. ಗಂಡ ಹೆಂಡತಿ ಅರ್ಧ ದಖನಿಯಲ್ಲಿ, ಅರ್ಧ ಕನ್ನಡದಲ್ಲಿ ಬೇಕಾದಷ್ಟೇ ಮಾತಾಡುತ್ತಿದ್ದರು.

ಮೊದಲು ಮಜೀದಸಾಬರು ಒಂದು ದಪ್ಪ ಡಿಕ್ಷನರಿ ತಂದು ದೊಡ್ಡ ದೊಡ್ಡ ಶಬ್ದ ಬಾಯಿಪಾಠ ಮಾಡಿದರು. ಶಬ್ದ ಉದ್ದವಾದಷ್ಟೂ ಮರ್ಯಾದೆ ಹೆಚ್ಚು ಎಂಬುದು ಅವರ ಉರ್ದು ಲೆಕ್ಕ. ಹಾಗೆ ಬರೆದ ಮೊದಲ ಟಿಪ್ಪಣಿ ನೋಡಿ ಸಾಹೇಬರು ನಕ್ಕು, ಅದರ ಮೇಲೆಲ್ಲ ಕೆಂಪು ಶಾಯಿ ಹರಿಸಿ ಹಿಂದಕ್ಕೆ ಕಳಿಸಿದರು. ಆಗ ಯಾರೋ ವಾಡಿಯ ಗುರುಲಿಂಗಯ್ಯನವರ ಹೆಸರು ಹೇಳಿದರು. ಜಂಕ್ಷನ್ನಿನಲ್ಲಿ ಮೂವತ್ತು ವರ್ಷ ತಂತಿಸುದ್ದಿಯ ತಾರು ಬಡಿದು ನಿವೃತ್ತರಾದವರು, ಸ್ಟೇಷನ್ನಿನ ಹತ್ತಿರವೇ ಮನೆ. ಐತ್ವಾರ ಬೆಳಿಗ್ಗೆ ಶಹರಬಾನು ರೊಟ್ಟಿ ಕಟ್ಟಿಕೊಟ್ಟಳು. ಮಜೀದಸಾಬರು ಗಾಡಿ ಹತ್ತಿ ವಾಡಿಯಲ್ಲಿ ಇಳಿದರು.

ಗುರುಲಿಂಗಯ್ಯನವರು ಡಿಕ್ಷನರಿ ಕೈಗೆ ತೆಗೆದುಕೊಂಡು ಒಮ್ಮೆ ತೂಗಿ ನೋಡಿ ಕೆಳಗಿಟ್ಟರು.

"ಇದನ್ನ ಮನ್ಯಾಗ ಇಡ್ರಿ, ಮಜೀದಸಾಬ್. ಗೋರಾ ಗಾರ್ಡುಗಳ ಸಂಗಾಟ ಇಡೀ ಜಿಂದಗಿ ಕಳದೀನಿ. ಒಬ್ಬನರೆ ಇಂಥಾ ಮಾತಾಡಿದ್ದು ಕೇಳಿಲ್ಲ. ಅವರ ಬಲ್ಲಿ ಇರೋವು ಹತ್ತೋ ಹನ್ನೆರಡೋ ಮಾತು. ಗೋ, ಕಮ್, ಪುಟ್, ಟೇಕ್, ಲುಕ್, ಗಿವ್. ಅವಕ್ಕ ಹಿಂದೊಂದು ಸಣ್ಣ ಮಾತು ಹಚ್ತಾರ. ಅಪ್, ಡೌನ್, ಆಫ್, ಔಟ್. ಅಷ್ಟರಾಗ ಎಲ್ಲಾ ಮುಗೀತದ."

"ಅರ್ಥ ಹ್ಯಾಂಗ ತಿಳೀಬೇಕು, ಅಯ್ನೋರೆ?"

ಅಯ್ನೋರು ಕಿಟಕಿಯ ಆಚೆ ಕೈ ತೋರಿಸಿದರು. "ಆ ಇಂಜಿನ್ ನೋಡ್ರಿ. ಕೇಬಿನ್ನಿನಾಗಿನವ ಕೀಲು ಎಳೆದ ಮ್ಯಾಲೆ ಅದು ರಾಯಚೂರಿಗೋ ಸಿಕಂದ್ರಾಬಾದಕ್ಕೋ ತಿಳೀತದ. ಇಂಜಿನ್ ಮಾರಿ ನೋಡಿ ಊರು ಹೇಳಾಕ ಬರಂಗಿಲ್ಲ. ಹಿಂದಿನ ಸಣ್ಣ ಮಾತೇ ಆ ಕೀಲು. ಪುಟ್ ಆನ್, ಟೊಪಗಿ ಹಾಕ್ಕೊಳ್ಳೂದು. ಪುಟ್ ಔಟ್, ದೀಪ ಆರಸೂದು. ಪುಟ್ ಆಫ್, ಮದಿವಿ ಮುಂದ ಹಾಕೂದು. ಪುಟ್ ಅಪ್, ನಿಮ್ಮ ಕಾಗದ ಸಾಹೇಬರ ಮುಂದ ಇಡೂದು."

"ಇಷ್ಟು ಸಣ್ಣ ಮಾತಿನಾಗ ಬರದ್ರ ಸಾಹೇಬರಿಗೆ ಬೇಅದಬಿ ಆಗಂಗಿಲ್ಲೇನ್ರಿ?"

"ಆಗಂಗಿಲ್ಲ. ಅವರಿಗೆ ಅದೇ ಪಸಂದ್," ಎಂದರು ಅಯ್ನೋರು.

ಹೀಗೆ ಎರಡು ವರ್ಷ ನಡೆಯಿತು. ಮನೆಯ ಪಡಸಾಲೆಗೆ ಹಾಸಿದ್ದು ಶಹಾಬಾದದ ಪರಸಿ ಕಲ್ಲು, ಮೆಹತಾಬನೇ ಚಕ್ಕಡಿಯಲ್ಲಿ ಹೇರಿಸಿ ತಂದು ಹಾಕಿಸಿದ್ದು. ಮಜೀದಸಾಬರು ಒಂದೊಂದು ಕಲ್ಲಿನ ನಡುವೆ ಸೀಮೆಸುಣ್ಣದಿಂದ ಗೋ, ಪುಟ್ ಅಂಥ ಒಂದೊಂದು ಮಾತು ಬರೆದು, ನಾಲ್ಕು ಮೂಲೆಗೆ ನಾಲ್ಕು ಸಣ್ಣ ಮಾತು ಬರೆದರು. ಸಂಜೆ ಕಚೇರಿಯಿಂದ ಬಂದು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಾಯಿಪಾಠ ಒಪ್ಪಿಸುತ್ತಿದ್ದರು. ಗಿವ್ ಇನ್, ಸೋತು ಒಪ್ಪುವುದು. ಗಿವ್ ಅಪ್, ಕೈಬಿಡುವುದು. ಲುಕ್ ಆಫ್ಟರ್, ಜೋಪಾನ ಮಾಡುವುದು. ಶಹರಬಾನು ಆ ಕಲ್ಲುಗಳನ್ನು ಬಿಟ್ಟು ಸುತ್ತಲೂ ನೆಲ ಒರೆಸುತ್ತಿದ್ದಳು. ಒಂದು ಸಂಜೆ ಅವರು ಟೇಕ್ ಕಲ್ಲಿನ ಮೇಲೆ ನಿಂತು ತಡವರಿಸುತ್ತಿದ್ದಾಗ ಅಡುಗೆ ಮನೆಯಿಂದ ದನಿ ಬಂತು.

"ಟೇಕ್ ಆಫ್. ಅಂಗಿ ಕಳಿಯೂದು."

ಮಜೀದಸಾಬರು ನಕ್ಕುಬಿಟ್ಟರು. ಒಲೆಯ ಮುಂದಿದ್ದವಳು ನಗಲಿಲ್ಲ, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

1952ರಲ್ಲಿ ಅವರು ಪರೀಕ್ಷೆ ಪಾಸಾದರು. ಹೊಸ ಅರ್ಜಿ ಬರೆಯುವ ಮೊದಲೇ ಸಾಹೇಬರು ಹಳೆಯ ಉರ್ದು ಕಾಗದದ ಕಟ್ಟುಗಳನ್ನು ಅವರ ಮೇಜಿನ ಮೇಲೆ ಇಡಿಸಿದರು. ಮೂರು ವರ್ಷ ದಾಟಿದ, ಹೊಸ ಸುದ್ದಿ ಇಲ್ಲದ ಅರ್ಜಿಗಳಿಗೆಲ್ಲ ಇಂಗ್ಲಿಷಿನಲ್ಲಿ ಒಂದೊಂದು ಟಿಪ್ಪಣಿ ಬರೆದು ಮುಗಿಸಬೇಕು. ನಾಲ್ಕನೆಯ ಕಟ್ಟಿನಲ್ಲಿ ಅವರ ಕೈಬರಹ ಅವರಿಗೇ ಎದುರಾಯಿತು. ಅರ್ಜಿಯ ಬೆನ್ನಿಗೆ ಒಂದು ಅಕ್ಷರವೂ ಇರಲಿಲ್ಲ. ಇಟ್ಟ ಮಡಿಕೆ ಇಟ್ಟಂತೆಯೇ ಇತ್ತು. ಅದನ್ನು ಹಿಡಿದುಕೊಂಡು ಸಾಹೇಬರ ಕೋಣೆಗೆ ಹೋಗಿ, ಇದು ನನ್ನ ಮನೆಯವರದು ಎಂದರು.

ಸಾಹೇಬರು ಕೆಟ್ಟವರಲ್ಲ. ಕುಳಿತುಕೊಳ್ಳಲು ಹೇಳಿ, ಯಾರಾದರೂ ಶಹಾಬಾದಕ್ಕೆ ಹೋಗಿ ವಿಚಾರಿಸಿ ತಂದ ಹೊಸ ಮಾಹಿತಿ ಇದೆಯೇ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಇಲ್ಲ ಎಂದು ಮಜೀದಸಾಬರೂ ಇಂಗ್ಲಿಷಿನಲ್ಲೇ ಹೇಳಿದರು. ಹಾಗಾದರೆ ಉಳಿದವುಗಳಂತೆಯೇ ಇದನ್ನೂ ಮಾಡಿ ಎಂದು ಅಪ್ಪಣೆಯಾಯಿತು.

ಅವರು ಮೇಜಿಗೆ ಮರಳಿ ಮೂರು ಸಾಲು ಬರೆದರು. ವಿಷಯ ಲುಕ್ಡ್ ಇನ್‌ಟು ಆಗಿದೆ, ಏನೂ ಟರ್ನ್ಡ್ ಅಪ್ ಆಗಿಲ್ಲ, ಅರ್ಜಿಯನ್ನು ಸ್ಟ್ರಕ್ ಆಫ್ ಮಾಡಬಹುದು. ಒಂದೂ ತಪ್ಪಿರಲಿಲ್ಲ. ಸಾಹೇಬರು ಕೆಂಪು ಶಾಯಿ ಮುಟ್ಟದೆ ಸಹಿ ಹಾಕಿ "ಗುಡ್" ಎಂದರು. ಆ ಗುಡ್ ಕೇಳಿ ಮಜೀದಸಾಬರಿಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಅರ್ಜಿದಾರರಿಗೆ ನಕಲು ತೋರಿಸಿ ಸಹಿ ತರಬೇಕು, ಅದು ಜವಾನ ಖಂಡಪ್ಪನ ಕೆಲಸ. ಆ ದಿನ ಮಜೀದಸಾಬರು ತಾವೇ ಒಯ್ದರು. ಶಹರಬಾನು ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಜವಾಬು ಬಂದಿದೆ ಎಂದು ಹೇಳಿ ಅವರು ಇಂಗ್ಲಿಷಿನಲ್ಲಿ ಓದಿದರು. ಓದಿ ಅಲ್ಲಿಗೇ ನಿಲ್ಲಿಸಬೇಕೆಂದು ಅವರ ಮನಸ್ಸಿನಲ್ಲಿತ್ತು.

"ಸ್ಟ್ರಕ್ ಆಫ್ ಅಂದ್ರ ಅರ್ಜಿ ಹೊಡೆದು ಹಾಕೂದು," ಎಂದಳು ಶಹರಬಾನು. "ಲುಕ್ಡ್ ಇನ್‌ಟು ಅಂದ್ರ ವಿಚಾರಣಿ ಮಾಡೂದು. ಯಾರು ಹೋಗಿದ್ರು ಮಾಡ್ಲಿಕ್ಕ?"

"ಯಾರೂ ಹೋಗಿಲ್ಲ, ಬಾನು. ಕಾಗದ ನೋಡಿ ಬರದೀನಿ."

"ನೀವು ಹೋಗ್ತಿದ್ದಿರಲ್ಲ, ಐತ್ವಾರಕ್ಕೊಮ್ಮೆ."

"ನಾ ವಾಡಿಗೆ ಹೋಗ್ತಿದ್ದೆ. ಪಾಠಕ್ಕ."

ಅವಳು ಮೊರವನ್ನು ತೊಡೆಯ ಮೇಲಿನಿಂದ ಕೆಳಗಿಟ್ಟಳು. "ಪಾಠ ಅಂಬೋದು ನೆವ ಅಂತ ತಿಳಕೊಂಡಿದ್ದೆ. ಮುಂದ ಶಹಾಬಾದಕ್ಕ ಹೋಗಿ ಕಲ್ಲಿನವರನ್ನ ಕೇಳಿ ಬರ್ತೀರಿ, ಏನೂ ತಿಳೀಲಾರದ್ದಕ್ಕ ನನ್ನ ಮುಂದ ಹೇಳಂಗಿಲ್ಲ ಅಂತ. ಅದಕ್ಕ ನಾ ಒಮ್ಮೆನೂ ಕೇಳಲಿಲ್ಲ."

ಅವರು ವಾಡಿಯಲ್ಲಿ ಇಳಿಯುತ್ತಿದ್ದ ಗಾಡಿಯೇ ಮುಂದೆ ಶಹಾಬಾದಕ್ಕೆ ಹೋಗುತ್ತಿತ್ತು. ಎರಡು ವರ್ಷ, ಪ್ರತಿ ಐತ್ವಾರ. ಮೊದಮೊದಲು ಭಯವಿತ್ತು ಎಂದು ಹೇಳಬಹುದಿತ್ತು, ಅದು ಸುಳ್ಳೂ ಅಲ್ಲ. ಆದರೆ ಆಮೇಲೆ ಭಯವಿರಲಿಲ್ಲ. ಇಳಿಯದೆ ಕೂತಿರಬಹುದು ಎಂಬುದೇ ಅವರಿಗೆ ಹೊಳೆದಿರಲಿಲ್ಲ. ಅರ್ಜಿ ಕೊಟ್ಟವನು ಕಾಯಬೇಕು ಎಂದು ಇಪ್ಪತ್ತೆರಡು ವರ್ಷ ಕಚೇರಿಯ ಪಡಸಾಲೆಯಲ್ಲಿ ನಿಂತ ಮಂದಿಗೆಲ್ಲ ಹೇಳಿದವರು ಅವರೇ.

"ಎಲ್ಲಿ ಸಹಿ ಮಾಡ್ಲಿ?" ಎಂದಳು.

ತೋರಿಸಿದರು. ಅವಳು ನಿಧಾನವಾಗಿ ತನ್ನ ಹೆಸರು ಬರೆದು ಪೆನ್ನು ಹಿಂದಕ್ಕೆ ಕೊಟ್ಟಳು.

"ಬೆಳಗಿನ ಗಾಡಿ ಎಷ್ಟಕ್ಕ ಅದ?"

"ಆರೂವರಿಗೆ."

"ನಾಳೆ ನಾ ಹೋಗಿ ಕೇಳಿ ಬರ್ತೀನಿ. ನಿಮಗ ಕಚೇರಿ ಅದ."

ರೈಲಿನಲ್ಲಿ ಅವಳು ಒಬ್ಬಳೇ ಎಂದೂ ಕೂತವಳಲ್ಲ. ನಾನೂ ಬರುತ್ತೇನೆ ಎನ್ನಬೇಕೆಂದು ಮಜೀದಸಾಬರಿಗೆ ಅನ್ನಿಸಿತು. ಬೆಳಿಗ್ಗೆ ಸಾಹೇಬರ ಮುಂದೆ ಇಡಬೇಕಾದ ಸಹಿಯ ಕಾಗದ ಕೈಯಲ್ಲೇ ಇತ್ತು. ಅದನ್ನು ಮಡಿಚಿ ಶೇರವಾನಿಯ ಕಿಸೆಗೆ ಹಾಕಿಕೊಂಡರು.

"ವಾಡಿಯಾಗ ಭಾಳ ಹೊತ್ತು ನಿಲ್ಲತದ," ಎಂದರು. "ಅಲ್ಲಿ ಇಳೀಬ್ಯಾಡ."